ಬಂದೂಕಿನ ದುಡ್ಡು

21 ನವೆಂಬರ್ 2024, ಗುರುವಾರ, ರಾತ್ರಿ

ಚಿನ್ನಿ ನೋಟ್ಸ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತಳು. ಹತ್ತನೇ ಕ್ಲಾಸಿನ ಇಂಗ್ಲಿಷ್ ಪಾಠ, ಫ್ರೆಂಚ್ ಕಥೆಗಾರ ಮೊಪಾಸಾನ 'ದಿ ನೆಕ್ಲೆಸ್' ಅನ್ನುವ ಕಥೆ. ಕಥೆಯ ನಾಯಕಿ ಮಟಿಲ್ಡಾ ಹಾಳಾಗುವುದಕ್ಕೆ ಕಾರಣ ಏನು, ಅದನ್ನು ಹೇಗೆ ತಪ್ಪಿಸಬಹುದಿತ್ತು ಅಂತ ಪ್ರಶ್ನೆ. ಗೈಡಿನಲ್ಲಿ ಉತ್ತರ ರೆಡಿ ಇದೆ. ದುರಾಸೆ. ಇದ್ದದ್ದರಲ್ಲಿ ತೃಪ್ತಿ ಪಡಬೇಕಿತ್ತು.

"ಅತ್ತೆ, ಒಂದು ದಿನ ಚೆನ್ನಾಗಿ ಕಾಣಿಸ್ಬೇಕು ಅನ್ಕೊಳ್ಳೋದು ದುರಾಸೆನಾ?"

ನನಗೆ ಖುಷಿಯಾಯಿತು. ಹದಿನೈದು ವರ್ಷದ ಹುಡುಗಿ ಕೇಳಬೇಕಾದ ಪ್ರಶ್ನೆಯೇ ಅದು. ಅಲ್ಲಮ್ಮ, ದುರಾಸೆ ಅಲ್ಲ ಅಂದೆ. ಮಟಿಲ್ಡಾಗೆ ಬೇಕಾಗಿದ್ದದ್ದು ನಾಲ್ಕು ಜನರ ಕಣ್ಣು. ಮೂರು ದಿನದಿಂದ ಬದಲಾಯಿಸದ ಮೇಜುಬಟ್ಟೆಯ ಮುಂದೆ ಗಂಡ ಸೂಪಿನ ಪಾತ್ರೆಯ ಮುಚ್ಚಳ ತೆಗೆದು "ಆಹಾ, ಇದಕ್ಕಿಂತ ರುಚಿ ಯಾವುದಿದೆ" ಅಂತಾನೆ. ಇವಳು ಆಗ ದೊಡ್ಡ ಮನೆಯ ಬೆಳ್ಳಿ ಪಾತ್ರೆಗಳನ್ನು ನೆನೆಸಿಕೊಳ್ಳುತ್ತಾ ಇರುತ್ತಾಳೆ. ಇಬ್ಬರೂ ಉಣ್ಣುವುದು ಒಂದೇ ಊಟ. ಅವನಿಗೆ ಅದು ಸಾಕು, ಇವಳಿಗೆ ಸಾಲದು. ಇದರಲ್ಲಿ ಯಾರದ್ದು ತಪ್ಪು?

ಅಣ್ಣ ಅಲ್ಲೇ ಪೇಪರ್ ಓದುತ್ತಾ ಕೂತಿದ್ದ. ಕಥೆ ಪುಸ್ತಕ ಮುಟ್ಟುವವನೇ ಅಲ್ಲ. ನಾನು ಚಿನ್ನಿಗೆ ಕಥೆಯನ್ನು ಮತ್ತೆ ಹೇಳುತ್ತಾ ಹೋದೆ. ಮಂತ್ರಿಯ ಮನೆಯ ಪಾರ್ಟಿಗೆ ಆಹ್ವಾನ ಬರುತ್ತದೆ. ಉಟ್ಟುಕೊಳ್ಳುವುದಕ್ಕೆ ಬಟ್ಟೆ ಇಲ್ಲ ಅಂತ ಅವಳು ಅಳುತ್ತಾಳೆ. ಎಷ್ಟಾಗಬಹುದು ಅಂತ ಗಂಡ ಕೇಳಿದರೆ ಲೆಕ್ಕ ಹಾಕಿ 400 ಫ್ರಾಂಕ್ ಅನ್ನುತ್ತಾಳೆ. ಅವನು ಬಂದೂಕು ಕೊಳ್ಳೋಣ ಅಂತ ಸರಿಯಾಗಿ ಅಷ್ಟೇ ದುಡ್ಡು ಕೂಡಿಟ್ಟಿರುತ್ತಾನೆ. ಅದನ್ನು ಕೊಟ್ಟುಬಿಡುತ್ತಾನೆ.

ಪೇಪರ್ ಹಿಂದಿನಿಂದ ಅಣ್ಣನ ದನಿ. "ಆಮೇಲೆ ಅವನು ಬಂದೂಕು ತಗೊಂಡ್ನಾ?"

ನಾನೂ ಚಿನ್ನಿಯೂ ಮುಖ ಮುಖ ನೋಡಿಕೊಂಡೆವು. ಇಲ್ಲ, ತಗೊಳ್ಳಲಿಲ್ಲ. ಕಥೆಯಲ್ಲಿ ಬಂದೂಕಿನ ಮಾತು ಮತ್ತೆ ಬರುವುದೇ ಇಲ್ಲ.

"ಅಪ್ಪ, ನಿಂಗೆ ಅಂಥದ್ದೇನಾದ್ರೂ ಆಸೆ ಇತ್ತಾ?"

"ನಂಗೇನಿರುತ್ತೆ," ಅಂತ ಪುಟ ತಿರುವಿದ.

ಅಡುಗೆಮನೆಯಿಂದ ಅತ್ತಿಗೆ ಅಂದರು, "ಕ್ಯಾಮೆರಾ. ಆ ಕ್ಯಾಟಲಾಗು ಇನ್ನೂ ಬೀರುವಿನಲ್ಲಿದೆ. ಎಲ್‌ಐಸಿ ಬಾಂಡುಗಳ ಕೆಳಗೆ."

ಅಣ್ಣ ಏನೂ ಹೇಳಲಿಲ್ಲ. ಚಿನ್ನಿ ಪೆನ್ನಿನ ಕ್ಯಾಪ್ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

ಊಟ ಆದಮೇಲೆ ಪೂರ್ತಿ ಕಥೆ ಹುಡುಕಿ ಓದಿದೆ. ಪಠ್ಯದಲ್ಲಿ ಕೊಟ್ಟಿರುವುದು ಚಿಕ್ಕದು ಮಾಡಿದ ಕಥೆ. 1884ರಲ್ಲಿ ಪ್ಯಾರಿಸಿನ ಪತ್ರಿಕೆಯಲ್ಲಿ ಬಂದದ್ದರಲ್ಲಿ ಎಷ್ಟೆಲ್ಲ ಇದೆ! 400 ಫ್ರಾಂಕ್ ಅಂದ ಕೂಡಲೇ ಗಂಡ ಲೊಯ್ಸೆಲ್‌ನ ಮುಖ ಸ್ವಲ್ಪ ಬಿಳಿಚಿಕೊಳ್ಳುತ್ತದೆ. ಬರುವ ಬೇಸಿಗೆಯಲ್ಲಿ ನಾಂತೇರ್ ಬಯಲಿನಲ್ಲಿ, ಗೆಳೆಯರ ಜೊತೆ, ಭಾನುವಾರ ಭಾನುವಾರ ಬಾನಾಡಿ ಹಕ್ಕಿ ಹೊಡೆಯೋಕೆ ಹೋಗಬೇಕು ಅಂತ ಅವನ ಆಸೆ. ಅದನ್ನು ಹೆಂಡತಿಗೆ ಹೇಳುವುದಿಲ್ಲ. "ಆಯ್ತು, ಕೊಡ್ತೀನಿ, ಒಳ್ಳೇ ಬಟ್ಟೇನೇ ಹೊಲಿಸ್ಕೋ" ಅಂತಾನೆ. ಅಷ್ಟರಲ್ಲಿ ಮುಗಿಯಿತು ಅವನ ಬೇಸಿಗೆ.

ಪಾರ್ಟಿಯಲ್ಲೂ ಹಾಗೇ. ಅವಳು ಕುಣಿಯುತ್ತಾಳೆ, ಎಲ್ಲರ ಕಣ್ಣೂ ಅವಳ ಮೇಲೆ. ಅವನು ನಡುರಾತ್ರಿಯಿಂದಲೇ ಪಕ್ಕದ ಖಾಲಿ ಕೋಣೆಯಲ್ಲಿ ಇನ್ನು ಮೂವರು ಗಂಡಂದಿರ ಜೊತೆ ನಿದ್ದೆ ಹೊಡೆಯುತ್ತಾನೆ. ಮನೆ ಮುಟ್ಟಿದಾಗ ಇವಳ ಕುತ್ತಿಗೆಯಲ್ಲಿ, ಪಾರ್ಟಿಗೆ ಅಂತ ಗೆಳತಿಯಿಂದ ಕೇಳಿ ತಂದಿದ್ದ ವಜ್ರದ ಸರ ಇಲ್ಲ. ಬಟ್ಟೆ ಬಿಚ್ಚುತ್ತಿದ್ದವನು ಮತ್ತೆ ಹಾಕಿಕೊಂಡು, ನಡೆದ ದಾರಿಯೆಲ್ಲ ಹುಡುಕಿ, ಬೆಳಿಗ್ಗೆ ಏಳರ ಹೊತ್ತಿಗೆ ಬರಿಗೈಯಲ್ಲಿ ವಾಪಸ್ಸು ಬರುತ್ತಾನೆ.

ಅದೇ ದಿನ ಅವನು ಒಂದು ಮಾತು ಹೇಳುತ್ತಾನೆ. ಇಷ್ಟು ಸಲ ಈ ಕಥೆ ಓದಿದರೂ ಇವತ್ತು ಅಲ್ಲಿ ನಿಂತುಬಿಟ್ಟೆ. ಸರದ ಕೊಂಡಿ ಮುರಿದಿದೆ, ರಿಪೇರಿಗೆ ಕೊಟ್ಟಿದ್ದೀವಿ ಅಂತ ಗೆಳತಿಗೆ ಕಾಗದ ಬರಿ ಅನ್ನುತ್ತಾನೆ. ಅವನು ಹೇಳುತ್ತಾ ಹೋಗುತ್ತಾನೆ, ಇವಳು ಬರೆಯುತ್ತಾಳೆ. ಬಂದೂಕಿನ ಆಸೆಯನ್ನು ನುಂಗಿಕೊಂಡ ಮನುಷ್ಯ ಈಗ ಸರ ಕಳೆದದ್ದನ್ನೂ ಹಾಗೇ ನುಂಗಿಕೊಳ್ಳುತ್ತಾನೆ. ನಿಜ ಹೇಳಿದ್ದರೆ ಆ ಗೆಳತಿ, ಮದಾಮ್ ಫೊರೆಸ್ಟಿಯೆ, ಆ ದಿನವೇ ಹೇಳಿರುತ್ತಿದ್ದಳು. ಅದು ನಕಲಿ ಕಣೇ, ಜಾಸ್ತಿ ಅಂದರೆ 500 ಫ್ರಾಂಕ್ ಬೆಲೆ ಅಂತ. ಆ ದಿನ ಕೇಳಬೇಕಾಗಿದ್ದ ಮಾತನ್ನು ಮಟಿಲ್ಡಾ ಹತ್ತು ವರ್ಷ ಆದಮೇಲೆ ಕೇಳಿದಳು.

ಹಾಗಾಗಿ ಚಿನ್ನಿ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಬೇರೆ. ಹಾಳು ಮಾಡಿದ್ದು ಆಸೆ ಅಲ್ಲ, ಮುಚ್ಚಿಟ್ಟದ್ದು. ಪರೀಕ್ಷೆಯಲ್ಲಿ ಏನು ಬರೆಯುತ್ತೀಯೋ ಬರಿ, ಮಾರ್ಕ್ಸ್ ಬೇಕಲ್ವಾ.

ಮುಚ್ಚಿಟ್ಟದ್ದಕ್ಕೆ ಅವರು ಕೊಟ್ಟ ಬೆಲೆ ನೋಡಿ. ಗೆಳತಿಗೆ ವಾಪಸ್ಸು ಕೊಡೋಕೆ ಅಂತ ಕೊಂಡ ಅಂಥದ್ದೇ ಅಸಲಿ ಸರಕ್ಕೆ 36,000 ಫ್ರಾಂಕ್. ಅಪ್ಪ ಬಿಟ್ಟುಹೋದ 18,000 ಲೊಯ್ಸೆಲ್ ಹತ್ತಿರ ಇತ್ತು. ಮಿಕ್ಕದ್ದೆಲ್ಲ ಸಾಲ, ಇವನ ಹತ್ತಿರ ಸಾವಿರ, ಅವನ ಹತ್ತಿರ ಐನೂರು ಅಂತ. ಬಡ್ಡಿಯವರಿಗೆಲ್ಲ ಸಹಿ ಹಾಕಿಕೊಟ್ಟ. ಕೆಲಸದವಳನ್ನು ಬಿಡಿಸಿ, ಮನೆ ಖಾಲಿ ಮಾಡಿ ಮಾಳಿಗೆ ಕೋಣೆಗೆ ಹೋದರು. ಮಟಿಲ್ಡಾ ನೀರಿನ ಕೊಡ ಹೊತ್ತು ಒಂದೊಂದು ಮಹಡಿಗೂ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು, ತರಕಾರಿ ಅಂಗಡಿಯಲ್ಲಿ ಒಂದೊಂದು ಕಾಸಿಗೂ ಜಗಳ ಆಡುತ್ತಿದ್ದಳು. ಇದೆಲ್ಲ ಎಲ್ಲರಿಗೂ ನೆನಪಿರುತ್ತದೆ. ಲೊಯ್ಸೆಲ್ ಆಫೀಸು ಮುಗಿಸಿ ಸಂಜೆ ವ್ಯಾಪಾರಿಯೊಬ್ಬನ ಲೆಕ್ಕ ಬರೆಯುತ್ತಿದ್ದ. ರಾತ್ರಿ ಪುಟಕ್ಕೆ ಐದು ಸೂ ಚಿಲ್ಲರೆಗೆ ನಕಲು ಬರೆಯುತ್ತಿದ್ದ. ಇದಕ್ಕೆ ಮೊಪಾಸಾ ಕೊಟ್ಟಿರುವುದು ಒಂದೇ ಒಂದು ವಾಕ್ಯ.

ಅಮೆರಿಕದ ಕಥೆಗಾರ ಓ. ಹೆನ್ರಿ ಹಾಗಲ್ಲ. 1905ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಪತ್ರಿಕೆಯಲ್ಲಿ ಬಂದ ಅವನ ಕ್ರಿಸ್ಮಸ್ ಕಥೆ 'ದಿ ಗಿಫ್ಟ್ ಆಫ್ ದಿ ಮೇಜೈ' ನಿಮಗೆಲ್ಲ ಗೊತ್ತು. ಡೆಲ್ಲಾ ಮೊಣಕಾಲಿನ ಕೆಳಗೆ ಇಳಿಯುತ್ತಿದ್ದ ಕೂದಲನ್ನು 20 ಡಾಲರಿಗೆ ಮಾರಿ ಗಂಡನ ಗಡಿಯಾರಕ್ಕೆ ಚೈನು ತರುತ್ತಾಳೆ. ಜಿಮ್ ಅಜ್ಜನ ಕಾಲದ ಆ ಗಡಿಯಾರವನ್ನೇ ಮಾರಿ ಅವಳ ಕೂದಲಿಗೆ ಬಾಚಣಿಗೆ ತರುತ್ತಾನೆ. ಎರಡೂ ಉಪಯೋಗಕ್ಕೆ ಬರಲಿಲ್ಲ. ಆದರೂ ಆ ಮನೆಯಲ್ಲಿ ಯಾಕೆ ಕತ್ತಲೆ ಕವಿಯುವುದಿಲ್ಲ? ಬಾಗಿಲು ತೆಗೆದ ಸ್ವಲ್ಪ ಹೊತ್ತಿಗೇ ಒಬ್ಬರು ಕಳೆದುಕೊಂಡದ್ದು ಇನ್ನೊಬ್ಬರಿಗೆ ಗೊತ್ತಾಗುತ್ತದೆ. ಜಿಮ್ ಸೋಫಾ ಮೇಲೆ ಬಿದ್ದುಕೊಂಡು, ತಲೆ ಕೆಳಗೆ ಕೈ ಇಟ್ಟು ನಗುತ್ತಾನೆ. ಅಡುಗೆ ಒಲೆ ಮೇಲಿಡು ಅನ್ನುತ್ತಾನೆ.

ಪ್ರೇಮಚಂದರ 'ಈದ್‌ಗಾಹ್' ಕೂಡ ನೆನಪಾಯಿತು. ಪುಟ್ಟ ಹಮೀದ್‌ನ ಜೇಬಿನಲ್ಲಿ ಮೂರೇ ಮೂರು ಪೈಸೆ. ಈದ್ ಜಾತ್ರೆಯಲ್ಲಿ ಮಿಕ್ಕ ಹುಡುಗರು ಮಣ್ಣಿನ ಗೊಂಬೆ, ಸಿಹಿತಿಂಡಿ ತಗೊಳ್ಳುತ್ತಾರೆ. ಅವನಿಗೆ ಆಸೆ ಇಲ್ಲ ಅಂತಲ್ಲ, ತುಂಬ ಇದೆ. ಕಬ್ಬಿಣದ ಇಕ್ಕಳ ಕೊಂಡು ಹೆಗಲ ಮೇಲೆ ಬಂದೂಕಿನ ಹಾಗೆ ಇಟ್ಟುಕೊಂಡು ಬರುತ್ತಾನೆ. ಬೆಳಿಗ್ಗೆಯಿಂದ ಏನೂ ತಿನ್ನದೆ ಇದನ್ನು ತಂದೆಯಾ ಅಂತ ಅಜ್ಜಿ ಅಮೀನಾ ಎದೆ ಬಡಿದುಕೊಳ್ಳುತ್ತಾಳೆ. ತವಾ ಮೇಲೆ ನಿನ್ನ ಬೆರಳು ಸುಡುತ್ತಿತ್ತಲ್ಲ, ಅದಕ್ಕೇ ತಂದೆ ಅಂತ ಅವನು ಬಾಯಿ ಬಿಟ್ಟು ಹೇಳುತ್ತಾನೆ. ಹೇಳಿದ ಮೇಲೆ ಅವಳ ಸಿಟ್ಟು ಇಳಿದು ಕಣ್ಣೀರು ಬರುತ್ತದೆ. ಲೊಯ್ಸೆಲ್‌ಗೆ ಆ ಬಾಯಿ ಇರಲಿಲ್ಲ.

ಮಟಿಲ್ಡಾಗೆ ಹೇಳಿದ್ದರೆ? ಅವಳು ಬಟ್ಟೆ ಬೇಡ ಅನ್ನುತ್ತಿದ್ದಳಾ? ಅನ್ನುತ್ತಿರಲಿಲ್ಲ ಅನ್ನಿಸುತ್ತದೆ. ಹಟ ಹಿಡಿದು ಅಳುತ್ತಿದ್ದಳು. ಆದರೆ ಅವನಿಗೂ ಒಂದು ಬೇಸಿಗೆ ಬೇಕಿತ್ತು ಅನ್ನುವುದು ಅವಳಿಗೆ ಗೊತ್ತಿರುತ್ತಿತ್ತು. ಸಾಲದ ದಿನಗಳಲ್ಲೂ ಅವಳು ಒಮ್ಮೊಮ್ಮೆ, ಗಂಡ ಆಫೀಸಿಗೆ ಹೋದಾಗ, ಕಿಟಕಿ ಹತ್ತಿರ ಕೂತು ಆ ಒಂದು ರಾತ್ರಿಯನ್ನು ನೆನೆಯುತ್ತಾಳೆ. ಅವಳಿಗೆ ನೆನೆಸಿಕೊಳ್ಳುವುದಕ್ಕೆ ಅದಾದರೂ ಇತ್ತು. ಅವನಿಗೆ ಏನಿತ್ತು? ಮೊಪಾಸಾ ಬರೆದಿಲ್ಲ.

ಅಣ್ಣನನ್ನು ಕೇಳಬೇಕು, ಯಾವ ಕ್ಯಾಮೆರಾ ಅಂತ. ನನ್ನ ಫೀಸು ಕಟ್ಟಿದ ವರ್ಷವೇ ಇರಬೇಕು ಅದು.

ಇನ್ನೊಂದು ವಿಷಯ. ಸಾಲ ತೀರಿದ ಮೇಲೆ ಮಟಿಲ್ಡಾ ಗೆಳತಿಯನ್ನು ಕಾಣುವುದು ಪ್ಯಾರಿಸಿನ ದೊಡ್ಡ ಬೀದಿ ಶಾಂಜೆಲಿಜೆಯಲ್ಲಿ, ವಾರದ ದುಡಿತದಿಂದ ಸ್ವಲ್ಪ ಸುಧಾರಿಸಿಕೊಳ್ಳೋಣ ಅಂತ ವಾಕಿಂಗ್ ಹೋದಾಗ. ಅವತ್ತು ಭಾನುವಾರ. ಲೊಯ್ಸೆಲ್ ಅವಳ ಜೊತೆಯಲ್ಲಿಲ್ಲ. ಗೆಳೆಯರು ನಾಂತೇರ್ ಬಯಲಿಗೆ ಹೋಗುತ್ತಿದ್ದದ್ದೂ ಭಾನುವಾರವೇ ಅಲ್ವಾ? ಈ ಭಾನುವಾರ ಅವನು ಎಲ್ಲಿದ್ದ? ಮನೆಯಲ್ಲಿ ಮಲಗಿದ್ದನಾ, ಇಲ್ಲಾ ಇನ್ನೂ ಯಾರದೋ ಲೆಕ್ಕ ಬರೆಯುತ್ತಾ ಕೂತಿದ್ದನಾ? ಇವಳು ವಾಪಸ್ಸು ಹೋಗಿ 500 ಫ್ರಾಂಕಿನ ವಿಷಯ ಹೇಳಿದಾಗ ಅವನು...