ಗೋಳಗುಮ್ಮಟದ ಕತ್ತಲು, ಬಾದಾಮಿಯ ಬಿಸಿಲು: ಫೋಟೊ ಕೆಡುವುದು ಎಲ್ಲಿ?

ಫೋಟೊ ಮಸುಕಾಗಿ ಬಂತೆಂದು ಸೆಟ್ಟಿಂಗ್‌ಗೆ ಕೈ ಹಾಕುವ ಮೊದಲು ಸ್ಕ್ರೀನಿನಲ್ಲಿ ಅದನ್ನು ಪೂರ್ತಿ ದೊಡ್ಡದು ಮಾಡಿ ನೋಡಿ. ಮಸುಕಿನಲ್ಲೂ ಮೂರು ಜಾತಿ ಇವೆ. ಇಡೀ ಚಿತ್ರವೇ ಒಂದು ದಿಕ್ಕಿಗೆ ಎಳೆದಂತಿದ್ದರೆ ಅಲುಗಿದ್ದು ನಿಮ್ಮ ಕೈ. ಕಂಬ ಚೊಕ್ಕ ಬಂದು, ಓಡುವ ಹುಡುಗ ಮಾತ್ರ ಕಲಸಿಹೋಗಿದ್ದರೆ ಅಲುಗಿದ್ದು ಅವನು. ಹಿಂದಿನ ಗೋಡೆ ಸ್ಪಷ್ಟವಾಗಿದ್ದು ಮುಂದಿನ ಮುಖ ಮಂಜಾಗಿದ್ದರೆ ಫೋಕಸ್ ತಪ್ಪಿದೆ. ಮೂರಕ್ಕೂ ಮದ್ದು ಬೇರೆ.

ಕೈ ಅಲುಗುವುದಕ್ಕೆ ಹಳೆಯ ಲೆಕ್ಕವೇ ಸಾಕು: ಲೆನ್ಸ್ ಎಷ್ಟು ಎಂಎಂ ಇದೆಯೋ ಶಟರ್ ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕಿಂತ ನಿಧಾನ ಬೇಡ. ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ ಆದರೆ ಒಂದೂವರೆ ಪಟ್ಟು. 50 ಎಂಎಂಗೆ 1/80, 200 ಎಂಎಂಗೆ 1/320. ನಡೆಯುವ ಮನುಷ್ಯನಿಗೆ 1/250, ಓಡುವ ಮಕ್ಕಳಿಗೆ 1/500 ಬೇಕು. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆ ಎಂದು ಇಲ್ಲಿ ನೆಚ್ಚಬೇಡಿ. ಅದು ಹಿಡಿಯುವುದು ನಿಮ್ಮ ಕೈಯನ್ನು, ಹುಡುಗನನ್ನಲ್ಲ. ಫೋಕಸ್ ತಪ್ಪುವುದಕ್ಕೆ ಹೆಚ್ಚಾಗಿ, ಫೋಕಸಿನ ಜಾಗವನ್ನು ಕ್ಯಾಮೆರಾವೇ ಆರಿಸುವ ಆಟೊ-ಏರಿಯಾ ಮೋಡೇ ಕಾರಣ. ಹತ್ತಿರ ಕಂಡಿದ್ದಕ್ಕೆ, ಎಂದರೆ ಬೇಲಿಗೋ ಕಂಬಿಗೋ, ಅದು ಅಂಟಿಕೊಳ್ಳುತ್ತದೆ. ಒಂದೇ ಪಾಯಿಂಟ್ ಆರಿಸಿ ಕಣ್ಣಿನ ಮೇಲಿಟ್ಟು ಬಟನ್ ಅರ್ಧ ಒತ್ತಿ. ವ್ಯೂಫೈಂಡರಿನಲ್ಲಿ ಎಲ್ಲವೂ ಮಸುಕು ಕಂಡು, ತೆಗೆದ ಫೋಟೊ ಮಾತ್ರ ಸರಿಯಾಗಿದ್ದರೆ ರಿಪೇರಿಗೆ ಒಯ್ಯಬೇಡಿ. ಐಪೀಸಿನ ಪಕ್ಕದ ಪುಟ್ಟ ಚಕ್ರ ತಿರುಗಿದೆ, ಅಷ್ಟೆ.

ಇನ್ನು ವಿಜಯಪುರದ ಗೋಳಗುಮ್ಮಟ. 1656ರಲ್ಲಿ ಮುಗಿದ ಈ ಕಟ್ಟಡದ ಗುಮ್ಮಟದ ಹೊರವ್ಯಾಸವೇ ಸುಮಾರು 44 ಮೀಟರ್. ಒಳಗೆ ಹೋದವರೆಲ್ಲ ಮೇಲಕ್ಕೆ ಫ್ಲ್ಯಾಶ್ ಹೊಡೆಯುತ್ತಾರೆ. ಕ್ಯಾಮೆರಾದ ಮೇಲೇಳುವ ಫ್ಲ್ಯಾಶಿನ ಗೈಡ್ ನಂಬರ್, ಎಂದರೆ ಅದರ ಬಲದ ಅಂಕಿ, ಸುಮಾರು 12. ಅದನ್ನು ಲೆನ್ಸಿನ ಕಿಂಡಿಯ ಅಳತೆ ಎಫ್/3.5ರಿಂದ ಭಾಗಿಸಿದರೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 100ರಲ್ಲಿ ಬೆಳಕು ಮುಟ್ಟುವುದು ಮೂರೂವರೆ ಮೀಟರಿನೊಳಗೆ. 1600ಕ್ಕೆ ಏರಿಸಿದರೂ 14 ಮೀಟರ್ ದಾಟದು. ಮುಂದೆ ಹಾರುವ ಧೂಳಿಗೆ ಮಾತ್ರ ಬೆಳಕು ಬಿದ್ದು ಫೋಟೊ ತುಂಬ ಬಿಳಿ ಗುಳ್ಳೆ ಬರುತ್ತವೆ. (ಅದನ್ನು ದೆವ್ವ ಎನ್ನುವವರೂ ಇದ್ದಾರೆ!) ಫ್ಲ್ಯಾಶ್ ಆಫ್ ಮಾಡಿ. 18 ಎಂಎಂ, ಎಫ್/3.5, 1/30, ಐಎಸ್‌ಒ 3200ರಿಂದ ಶುರು ಮಾಡಿ. ಗೋಡೆಗೆ ಬೆನ್ನು ಕೊಟ್ಟು, ಮೊಣಕೈ ಪಕ್ಕೆಗೆ ಒತ್ತಿ, ಒಂದೇ ಒತ್ತಿಗೆ ಮೂರು ಫೋಟೊ ತೆಗೆಯಿರಿ. ಮೊದಲನೆಯದು ಬಟನ್ ಒತ್ತುವ ಅಲುಗಾಟ ತಿನ್ನುತ್ತದೆ, ಎರಡನೆಯದೋ ಮೂರನೆಯದೋ ಚೊಕ್ಕ ಬರುತ್ತದೆ. ಕಾಳು ಕಾಳು ಬರುತ್ತದೆಂದು ಹೆದರಿ ಐಎಸ್‌ಒ 400ರಲ್ಲಿ ಕಪ್ಪಗೆ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಬೆಳಗಿಸಿದರೆ ನೆರಳಲ್ಲಿ ಕಾಳು ಇನ್ನೂ ಜಾಸ್ತಿ ಏಳುತ್ತದೆ. ಸಾಲಿಗಿಂತ ಬಡ್ಡಿ ದುಬಾರಿ ಎಂಬ ಹಾಗೆ.

ಬಾದಾಮಿಯಲ್ಲಿ ತಕರಾರು ತದ್ವಿರುದ್ಧ. 578ರ ಶಾಸನವಿರುವ ಮೂರನೇ ಗುಹೆಯ ಅಂಚಿಗೆ ಅಕ್ಕನನ್ನು ನಿಲ್ಲಿಸಿ, ಹಿಂದೆ ಬಯಲು ಬರುವ ಹಾಗೆ ತೆಗೆದರೆ ಮುಖ ಇದ್ದಲಿ. ಕ್ಯಾಮೆರಾದೊಳಗಿನ ಬೆಳಕಳೆಯುವ ಮೀಟರ್ ಎದುರಿನದೆಲ್ಲವನ್ನೂ ನಡುಬೂದಿಗೆ ತರಲು ನೋಡುತ್ತದೆ; ಹಿಂದಿನ ಬೆಳಕೇ ಹೆಚ್ಚಾದಾಗ ಇಡೀ ಚಿತ್ರವನ್ನು ಕೆಳಗೆ ಎಳೆಯುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಚಿತ್ರದ ಬೆಳಕು ಏರಿಳಿಸುವ ಸೆಟ್ಟಿಂಗ್) +1ರಿಂದ +2 ಕೊಟ್ಟರೆ ಮುಖ ಕಾಣುತ್ತದೆ, ಆಕಾಶ ಬಿಳಿಯಾಗುತ್ತದೆ. ಎರಡೂ ಬೇಕಾದರೆ ಎರಡು ಮೀಟರ್ ದೂರದಿಂದ, ಫ್ಲ್ಯಾಶನ್ನು −1ಕ್ಕೆ ಇಳಿಸಿ ಹೊಡೆಯಿರಿ. ಶಟರ್ 1/200 ಮೀರದಿರಲಿ. ಶಿಲ್ಪ, ಬಣ್ಣದ ಚಿತ್ರಗಳ ಕಡೆ ಮಾತ್ರ ಫ್ಲ್ಯಾಶ್ ಬೇಡ. ಎದುರಿನಿಂದ ಬಿದ್ದ ಬೆಳಕಿಗೆ ಕೆತ್ತನೆಯ ಆಳವೇ ಸತ್ತುಹೋಗುತ್ತದೆ. ನನ್ನ ಮಟ್ಟಿಗೆ ಇದೆಲ್ಲಕ್ಕಿಂತ ಸುಲಭದ್ದು, ನಿಲ್ಲುವವರ ಮುಖ ಹೊರಗಿನ ಬೆಳಕಿಗೆ ತಿರುಗಿಸಿ ನೀವು ಅಂಚಿಗೆ ಬಂದು ನಿಲ್ಲುವುದು.

ಅಲ್ಲಿಯ ಕೆಂಪುಕಲ್ಲು ಫೋಟೊದಲ್ಲಿ ಬೂದಿ ಬಣ್ಣಕ್ಕೆ ತಿರುಗುವುದು, ಬಣ್ಣವನ್ನು ತಾನೇ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸಿನ ಕೆಲಸ. ಎಲ್ಲೆಲ್ಲೂ ಕೆಂಪೇ ಕಂಡಾಗ ಬಣ್ಣ ಹೆಚ್ಚಾಗಿದೆ ಎಂದುಕೊಂಡು ಅದು ನೀಲಿ ಬೆರೆಸುತ್ತದೆ. ಬಿಸಿಲಲ್ಲಿ ಸೂರ್ಯನ ಗುರುತಿಗೆ ಅಥವಾ 5200 ಕೆಲ್ವಿನ್‌ಗೆ, ನೆರಳಲ್ಲಿ 7000ಕ್ಕೆ ಕಟ್ಟಿಬಿಡಿ. ಭೂತನಾಥ ಗುಡಿ ಸಂಜೆ ಬಿಸಿಲಿಗೆ ಕೆಂಪೇರುವಾಗ ಆಟೊದಲ್ಲಿ ತೆಗೆದರೆ ಹೊಟ್ಟೆ ಉರಿಯುತ್ತದೆ.

ಮದುವೆ ಮಂಟಪದ ಎಲ್‌ಇಡಿ ಕೆಳಗೆ ಅಡ್ಡಪಟ್ಟೆ ಬಂದರೆ ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಹೋಗಿ, 1/50 ಅಥವಾ 1/100 ಇಡಿ. ನಮ್ಮ ಕರೆಂಟು 50 ಹರ್ಟ್ಸ್, ದೀಪ ಅದರ ತಾಳಕ್ಕೇ ಮಿನುಗುತ್ತದೆ. ಕಾರ್ಡು ಎರರ್ ತೋರಿಸಿದರೆ ಮೊದಲು ಪಕ್ಕದ ಲಾಕ್ ನೋಡಿ. ಫೋಟೊ ಅಳಿಸಿಹೋದರೆ ಆ ಕಾರ್ಡಿನಲ್ಲಿ ಮತ್ತೊಂದು ಕ್ಲಿಕ್ ಕೂಡ ಬೇಡ, ಅಳಿದದ್ದನ್ನು ಮರಳಿ ತೆಗೆಯುವ ಫೋಟೊರೆಕ್‌ನಂಥ ಸಾಫ್ಟ್‌ವೇರಿಗೆ ಹಚ್ಚಿ.

ಕೊನೆಗೆ ಧೂಳು. ಆಕಾಶದಲ್ಲಿ ಒಂದೇ ಜಾಗಕ್ಕೆ ಬೂದು ಚುಕ್ಕೆ ಬರುತ್ತಿದ್ದರೆ ಎಫ್/16ಕ್ಕೆ ಇಟ್ಟು, ಫೋಕಸ್ ಕೆಡಿಸಿ, ಬಿಳಿ ಗೋಡೆ ತೆಗೆಯಿರಿ. ಚುಕ್ಕೆ ಅಲ್ಲೇ ಇದ್ದರೆ ಧೂಳು ಸೆನ್ಸರ್ ಮೇಲಿದೆ. ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೆನುವಿನಲ್ಲಿ ಸೆನ್ಸರ್ ಕ್ಲೀನಿಂಗ್ ಹಚ್ಚಿ, ಲೆನ್ಸ್ ಬಿಚ್ಚಿ, ಕ್ಯಾಮೆರಾ ಬಾಯಿ ಕೆಳಗೆ ಮಾಡಿ ರಬ್ಬರ್ ಬ್ಲೋವರಿನಿಂದ ಐದಾರು ಸಲ ಊದಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಕೂತರೆ ಧೂಳಿಗಿಂತ ಗಟ್ಟಿ. ಅಷ್ಟಕ್ಕೂ ಹೋಗದ ಚುಕ್ಕೆಯನ್ನು ಬಟ್ಟೆಯಿಂದ ಉಜ್ಜದೆ ಸರ್ವಿಸಿನವರ ಕೈಗೆ ಕೊಡಿ.