ಗಾಂಧಿ ಬಜಾರಿನಲ್ಲಿ ನಿಲ್ಲೋಕೆ ಒಂದಿಷ್ಟು ಜಾಗ

ಮೊನ್ನೆ ಅಕ್ಕನ ಸೀರೆಗೆ ಫಾಲ್ ತರಲು ಬೆಂಗಳೂರಿನ ಬಸವನಗುಡಿಯ ಗಾಂಧಿ ಬಜಾರಿಗೆ ಹೋಗಿದ್ದೆ. ಆ ಸೀರೆಯ ಬಣ್ಣ ಹೇಳೋದೇ ಕಷ್ಟ. ನೇರಳೆ ಅನ್ನೋಣ ಅಂದರೆ ನೇರಳೆ ಅಲ್ಲ, ಬದನೆಕಾಯಿ ಬಣ್ಣ ಅಂದರೆ ಅದೂ ಪೂರ್ತಿ ಅಲ್ಲ. ಮ್ಯಾಚಿಂಗ್ ಸೆಂಟರಿನ ಹುಡುಗ ಕಪಾಟಿನಿಂದ ನಾಲ್ಕು ಫಾಲ್ ತೆಗೆದ. ಸೀರೆಯ ಸೆರಗನ್ನೂ ಅವನ್ನೂ ಒಟ್ಟಿಗೆ ಹಿಡಿದುಕೊಂಡು ಸೀದಾ ಬಾಗಿಲು ದಾಟಿ ಫುಟ್‌ಪಾತಿಗೆ ಬಂದ. ನಾನೂ ಹಿಂದೆಯೇ ಹೋದೆ. "ಒಳಗೆ ಟ್ಯೂಬ್‌ಲೈಟಲ್ಲಿ ಎಲ್ಲಾ ಒಂದೇ ಥರ ಕಾಣ್ಸುತ್ತೆ, ಇಲ್ಲಿ ನೋಡಿ" ಅಂತ ಒಂದೊಂದನ್ನೇ ಸೆರಗಿನ ಮೇಲೆ ಇಟ್ಟು ತೋರಿಸಿದ. ನಾನು ಎರಡನೆಯದು ಅಂದೆ. ಅಷ್ಟರಲ್ಲಿ ಹೂವಿನ ಪೊಟ್ಟಣ ಹಿಡಿದು ಹೋಗುತ್ತಿದ್ದ ಒಬ್ಬರು ಹೆಂಗಸು, ಯಾರೋ ಏನೋ, ನಿಂತು ನೋಡಿ "ಅದಲ್ಲ, ಅದರ ಪಕ್ಕದ್ದು" ಅಂದರು. ಅವರು ಹೇಳಿದ್ದೇ ಸರಿ. ಅದನ್ನೇ ತಗೊಂಡು ಬಂದೆ.

ಮನೆಗೆ ನಡೆದು ಬರುವಾಗ ಅದೇ ತಲೆಯಲ್ಲಿತ್ತು. ದುಡ್ಡು ಕೊಟ್ಟಿದ್ದು ಅಂಗಡಿಯೊಳಗೆ, ನಿಜ. ಆದರೆ ವ್ಯಾಪಾರ ನಡೆದಿದ್ದು ಬೀದಿಯಲ್ಲಿ. ಅಲ್ಲಿ ಮೂರು ಜನ ಒಂದು ನಿಮಿಷ ಆರಾಮಾಗಿ ನಿಲ್ಲೋಕೆ ಜಾಗ ಇತ್ತು, ಅದಕ್ಕೇ ನಡೆಯಿತು. ಅದೇ ಜಾಗದಲ್ಲಿ ಎರಡು ಸ್ಕೂಟರ್ ನಿಂತಿದ್ದರೆ ಆ ಹುಡುಗ ಹೊರಗೆ ಬರುತ್ತಿರಲಿಲ್ಲ. ನಾನು ತಪ್ಪು ಬಣ್ಣ ತರುತ್ತಿದ್ದೆ, ಆಮೇಲೆ ಮುಂದಿನ ಸಲ ಆನ್‌ಲೈನಲ್ಲೇ ತರಿಸೋಣ ಅಂದುಕೊಳ್ಳುತ್ತಿದ್ದೆ.

ಅಂಗಡಿ ಬೀದಿ ಉಳಿಯಬೇಕು, ಕಳೆಕಳೆಯಾಗಿರಬೇಕು ಅಂತ ಎಲ್ಲರೂ ಹೇಳುತ್ತಾರೆ. ದೀಪದ ಕಂಬ, ಗ್ರಾನೈಟ್, ಕಮಾನು ಅಂತ ಮಾತು ಹೋಗುತ್ತದೆ. ನನಗೆ ಅನ್ನಿಸೋದು ಅದಕ್ಕಿಂತ ಸಣ್ಣದು. ಜನಕ್ಕೆ ನಿಲ್ಲೋಕೆ ಜಾಗ ಬೇಕು. ನಡೆಯೋಕೆ ಮಾತ್ರ ಅಲ್ಲ, ನಿಲ್ಲೋಕೆ.

ನಮ್ಮ ಗಾಂಧಿ ಬಜಾರ್ ಅಂಥಾ ದೊಡ್ಡ ಬೀದಿಯೇನಲ್ಲ. ಟ್ಯಾಗೋರ್ ಸರ್ಕಲ್‌ನಿಂದ ರಾಮಕೃಷ್ಣ ಆಶ್ರಮದ ಕಡೆಗೆ ನಡೆದರೆ ಒಂದು ಕಿಲೋಮೀಟರೂ ಆಗುವುದಿಲ್ಲ. ಅಷ್ಟರಲ್ಲಿ ಏನೇನಿದೆ ನೋಡಿ. ಹೂವು, ಹಣ್ಣು, ಗ್ರಂಥಿಗೆ ಅಂಗಡಿ, ಆಗಷ್ಟೇ ಪುಡಿ ಮಾಡಿದ ಕಾಫಿಯ ವಾಸನೆ, ಪಾತ್ರೆ, ಬಳೆ, ಅಂಕಿತ ಪುಸ್ತಕದಂಥ ಕನ್ನಡ ಪುಸ್ತಕದಂಗಡಿ, 1948ರಿಂದ ಇರುವ ಸುಬ್ಬಮ್ಮನ ಅಂಗಡಿಯ ಕೋಡುಬಳೆ, ಕಾಂಗ್ರೆಸ್ ಕಡಲೆಕಾಯಿ. 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನ ಹೋಟೆಲಿನ ಮುಂದೆ ಭಾನುವಾರ ಬೆಳಿಗ್ಗೆ ಹೆಸರು ಬರೆಸಿ ಕಾಯುವವರ ಗುಂಪು. ಆ ಗುಂಪು ಸುಮ್ನೆ ನಿಂತಿರುವುದಿಲ್ಲ. ಅರ್ಧ ಗಂಟೆ ಕಾಯುವವರು ಪಕ್ಕದಲ್ಲಿ ಒಂದು ಮೊಳ ಮಲ್ಲಿಗೆ ತಗೊಳ್ಳುತ್ತಾರೆ, ಮಕ್ಕಳಿಗೆ ಏನೋ ಕೊಡಿಸುತ್ತಾರೆ, ಮರೆತಿದ್ದ ಕರ್ಪೂರ ನೆನಪಾಗುತ್ತದೆ. ಶುಕ್ರವಾರ ಆ ಹೋಟೆಲಿಗೆ ರಜೆ. ಆದರೆ ಹೂವಿನವರಿಗೆ ಶುಕ್ರವಾರವೇ ಜಾಸ್ತಿ ವ್ಯಾಪಾರ. ಹೀಗೆ ಒಬ್ಬರ ಬಾಗಿಲು ಮುಚ್ಚಿದ ದಿನ ಇನ್ನೊಬ್ಬರಿಂದ ಬೀದಿಗೆ ಜನ ಬರುತ್ತಾರೆ. ಎಲ್ಲಾ ಒಂದೇ ಥರದ ಅಂಗಡಿಗಳಾಗಿದ್ದರೆ ಇದು ಆಗುತ್ತಿರಲಿಲ್ಲ.

ಹಬ್ಬಗಳೂ ಅಷ್ಟೇ. ವರಮಹಾಲಕ್ಷ್ಮಿಗೆ ಬಾಳೆಕಂದು, ಗೌರಿಗೆ ಬಾಗಿನದ ಮೊರ, ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಹತ್ತಿರ ಕಡಲೆಕಾಯಿ ಪರಿಷೆ, ಸಂಕ್ರಾಂತಿಗೆ ಸಕ್ಕರೆ ಅಚ್ಚು, ಕಬ್ಬು, ಯುಗಾದಿಗೆ ಬೇವು. ಕ್ಯಾಲೆಂಡರ್ ನೋಡದೆ ಈ ಬೀದಿ ನೋಡಿದರೇ ಸಾಕು, ಮುಂದೆ ಯಾವ ಹಬ್ಬ ಅಂತ ಗೊತ್ತಾಗುತ್ತದೆ. ಯಾವ ಮಾಲಿಗೂ ಇದು ಬರುವುದಿಲ್ಲ.

ನಾನು ಯಾವಾಗಲೂ ಹೂವು ತಗೊಳ್ಳೋದು ಒಬ್ಬರೇ ಅಜ್ಜಿಯ ಹತ್ತಿರ. ಅವರ ಕೈ ನೋಡುತ್ತಾ ನಿಂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಒದ್ದೆ ಮಾಡಿದ ಬಾಳೆ ನಾರನ್ನು ಉಗುರಿನಲ್ಲಿ ಸೀಳಿ ಒಂದು ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸುತ್ತಾರೆ. ಎರಡು ಮಲ್ಲಿಗೆ ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಎಳೆತ. ನಡುನಡುವೆ ಒಂದು ಎಸಳು ಮರುಗ. ಕಣ್ಣು ಮಾತ್ರ ಬೀದಿಯ ಮೇಲೆಯೇ. ಅಳೆಯುವಾಗ ಮೊಳಕೈಯಿಂದ ಬೆರಳ ತುದಿಗೆ ಹಿಡಿದು, ಆಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟು ಕತ್ತರಿಸುತ್ತಾರೆ. ಆ ನಾಲ್ಕು ಬೆರಳು ನನ್ನ ಲೆಕ್ಕಕ್ಕೆ ಬರುವುದಿಲ್ಲ, ನಾನು ಕೇಳಿದ್ದೂ ಇಲ್ಲ.

2023ರಲ್ಲಿ ಬೀದಿ ಅಗೆದಿದ್ದಾಗ ಇದೇ ಅಜ್ಜಿ ಮಣ್ಣಿನ ಗುಡ್ಡೆಯ ಪಕ್ಕ ಕುಳಿತಿದ್ದರು. ಫುಟ್‌ಪಾತ್ ಅಗಲ ಮಾಡುತ್ತೇವೆ, ಪೈಪು ಕೇಬಲ್ಲುಗಳನ್ನೆಲ್ಲ ನೆಲದೊಳಗೆ ಸರಿಯಾಗಿ ಹಾಕುತ್ತೇವೆ ಅಂತ ಶುರುವಾದ ಕೆಲಸ. ಉದ್ದೇಶ ಒಳ್ಳೆಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ದಿನಗಳು ನೆನಪಾದರೆ ಈಗಲೂ ಬೇಜಾರಾಗುತ್ತದೆ. ಅಂಗಡಿಗೆ ಹೋಗೋಕೆ ಗುಂಡಿಯ ಮೇಲೆ ಹಲಗೆ. ಹಲಗೆಯ ಮೇಲೆ ವಯಸ್ಸಾದವರು ಹೇಗೆ ಕಾಲಿಡಬೇಕು? ನಾನು ಅಮ್ಮನನ್ನು ಕರೆದುಕೊಂಡು ಹೋಗೋದನ್ನೇ ಬಿಟ್ಟೆ. ಹೂವಿನ ಮೇಲೆ ಧೂಳು, ಅಜ್ಜಿ ಹತ್ತು ನಿಮಿಷಕ್ಕೊಮ್ಮೆ ನೀರು ಚಿಮುಕಿಸುತ್ತಿದ್ದರು. ಜಾಸ್ತಿ ನೀರು ಬಿದ್ದರೆ ಮಲ್ಲಿಗೆ ಬೇಗ ಕಂದುತ್ತದೆ, ಅದು ಅವರಿಗೆ ಗೊತ್ತಿಲ್ಲದೇನಲ್ಲ. ಶ್ರಾವಣದಿಂದ ದೀಪಾವಳಿವರೆಗಿನ ವ್ಯಾಪಾರದಲ್ಲೇ ಇವರ ವರ್ಷ ನಡೆಯೋದು. ಆ ಸೀಸನ್ನೂ ಅಗೆತದಲ್ಲೇ ಹೋಯಿತು.

ಇದನ್ನು ಬೇರೆ ರೀತಿ ಮಾಡಬಹುದಿತ್ತು. ಒಂದು ನೂರು ಮೀಟರ್ ಅಗೆಯಿರಿ, ಮುಗಿಸಿ, ಜನ ಓಡಾಡಲು ಬಿಡಿ, ಆಮೇಲೆ ಮುಂದಿನ ನೂರು ಮೀಟರ್. ಹಬ್ಬದ ನಾಲ್ಕು ತಿಂಗಳು ಕೆಲಸ ನಿಲ್ಲಿಸಿ. ಬೀದಿಗೆ ಬರುವ ಅಭ್ಯಾಸ ಒಂದು ಸಲ ತಪ್ಪಿದರೆ ಅಷ್ಟು ಸುಲಭಕ್ಕೆ ವಾಪಸ್ ಬರುವುದಿಲ್ಲ, ಯಾಕೆಂದರೆ ಆ ಹೊತ್ತಿಗೆ ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷಕ್ಕೆ ಕೊತ್ತಂಬರಿ ಸೊಪ್ಪು ಮನೆ ಬಾಗಿಲಿಗೆ ಬರೋದು ನಮಗೆಲ್ಲ ಅಭ್ಯಾಸವಾಗಿರುತ್ತದೆ, ಒಂದು ಕಟ್ಟು ಸೊಪ್ಪಿಗೆ ಅಂತ ಚಪ್ಪಲಿ ಹಾಕಿಕೊಂಡು ಹೊರಡುವ ಮನಸ್ಸು ಹೊರಟುಹೋಗಿರುತ್ತದೆ.

ಈಗ ಫುಟ್‌ಪಾತ್ ಅಗಲವಾಗಿದೆ. ಚೆನ್ನಾಗಿಯೇ ಇದೆ. ಆದರೆ ಅಗಲವಾದ ಜಾಗ ಕಂಡ ತಕ್ಷಣ ಬೈಕುಗಳು ಹತ್ತುತ್ತವೆ. ಐದೇ ನಿಮಿಷ ಅನ್ನುತ್ತಾರೆ. ಒಬ್ಬರು ಹೋದ ಮೇಲೆ ಇನ್ನೊಬ್ಬರು. ಇದಕ್ಕೆ ದೊಡ್ಡ ಯೋಜನೆ ಬೇಡ. ಬೈಕ್ ಹತ್ತದಂತೆ ಮೊಣಕಾಲೆತ್ತರದ ಕಲ್ಲುಗಳು, ಗಾಲಿಕುರ್ಚಿ ಹೋಗುವಷ್ಟು ಸಂದು ಬಿಟ್ಟು. ಅಂಗಡಿಯವರೂ ತಮ್ಮ ಗಾಡಿಯನ್ನು ತಮ್ಮ ಅಂಗಡಿ ಮುಂದೆ ನಿಲ್ಲಿಸೋದನ್ನು ಬಿಡಬೇಕು. ಇದನ್ನು ನಾನು ಅವರ ಹತ್ತಿರವೇ ಹೇಳಿದ್ದೇನೆ, ಕೆಲವರು ಒಪ್ಪಿದರು, ಕೆಲವರಿಗೆ ಕೋಪ ಬಂತು.

ಗಾಡಿಗಳೇ ಬೇಡ ಅಂತ ಒಂದು ಮಾತೂ ಮೊದಲು ಬಂದಿತ್ತು. ವ್ಯಾಪಾರಿಗಳು ವಿರೋಧ ಮಾಡಿದರು. ಎಂ.ಜಿ. ರಸ್ತೆ ಪಕ್ಕದ ಚರ್ಚ್ ಸ್ಟ್ರೀಟ್ ನೋಡಿ ಅಂತ ಉದಾಹರಣೆ ಕೊಡುವವರಿದ್ದಾರೆ. ಅದು 2018ರಲ್ಲಿ ಹೊಸದಾಗಿ ಕಲ್ಲುಹಾಸು ಹಾಸಿಕೊಂಡು ತೆರೆಯಿತು, 2020ರ ನವೆಂಬರಿನಿಂದ 2021ರ ಫೆಬ್ರವರಿವರೆಗೆ ಶನಿವಾರ ಭಾನುವಾರ ಗಾಡಿ ಬಿಡದೆ ನೋಡಿದರು. ನಾನೂ ಹೋಗಿದ್ದೆ, ಬೀದಿಯ ಮಧ್ಯದಲ್ಲಿ ನಡೆಯೋದು ಎಂಥ ಖುಷಿ. ಆದರೆ ಅಲ್ಲಿಗೆ ಜನ ಹೋಗೋದು ಸುತ್ತಾಡೋಕೆ, ಒಂದು ಪುಸ್ತಕ, ಒಂದು ಕಾಫಿ. ಗಾಂಧಿ ಬಜಾರಿಗೆ ಬರುವವರ ಕೈಯಲ್ಲಿ ಎರಡು ಚೀಲ, ಅದರಲ್ಲಿ ತೆಂಗಿನಕಾಯಿ, ಬಾಳೆಹಣ್ಣಿನ ಚಿಪ್ಪು, ವಯಸ್ಸು ಎಪ್ಪತ್ತು. ಅವರಿಗೆ ಆಟೋ ಹತ್ತಿರಕ್ಕೆ ಬರಬೇಕು. ಹಾಗಾಗಿ ಪೂರ್ತಿ ಮುಚ್ಚೋದು ನನಗೆ ಒಪ್ಪಿಗೆಯಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಮುಚ್ಚಿ, ಎರಡು ತುದಿಯಲ್ಲೂ ಆಟೋ ನಿಲ್ಲೋಕೆ ಜಾಗ ಮಾಡಿ. ನ್ಯಾಷನಲ್ ಕಾಲೇಜು ಮೆಟ್ರೋ ನಿಲ್ದಾಣ 2017ರಿಂದ ಇದೆ, ಅಲ್ಲಿಂದ ಬಜಾರಿಗೆ ನಡೆದೇ ಬರಬಹುದು. ಆ ದಾರಿಯ ಫುಟ್‌ಪಾತೂ ಚೆನ್ನಾಗಿರಬೇಕಲ್ವಾ? ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಇನ್ನೊಂದು ಹಳೆಯ ಜಗಳ ಅಂಗಡಿಯವರದು ಮತ್ತು ಫುಟ್‌ಪಾತಿನ ವ್ಯಾಪಾರಿಗಳದು. ಬಾಡಿಗೆ, ಕರೆಂಟು, ಲೈಸೆನ್ಸು ಎಲ್ಲಾ ಕಟ್ಟೋದು ನಾವು, ಬಾಗಿಲಿಗೆ ಅಡ್ಡ ಕೂರೋದು ಅವರು ಅಂತ ಅಂಗಡಿಯವರ ದೂರು. ಅವರ ಕಷ್ಟ ಸುಳ್ಳಲ್ಲ. ಆದರೆ ಬೆಳಿಗ್ಗೆ ಏಳಕ್ಕೇ ಬೀದಿಗೆ ಜನ ತರೋದು ಹೂವಿನವರು, ಹಣ್ಣಿನವರು. ಹೂವಿಗೆ ಬಂದವರೇ ಕಾಫಿಪುಡಿ ತಗೊಳ್ಳೋದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಲ್ಲಿ ಪಟ್ಟಣ ಮಾರಾಟ ಸಮಿತಿ ಅಂತ ಇದೆ, ಅದರಲ್ಲಿ ಕನಿಷ್ಠ ಶೇ 40ರಷ್ಟು ಜನ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಅಂದರೆ ಯಾರು ಎಲ್ಲಿ ಕೂರಬೇಕು ಅನ್ನೋದನ್ನು ಅಲ್ಲಿ ಕೂರುವವರನ್ನು ಬಿಟ್ಟು ತೀರ್ಮಾನ ಮಾಡೋ ಹಾಗಿಲ್ಲ. ನನ್ನ ಕಣ್ಣಿಗೆ ಕಾಣುವ ದಾರಿ ಇಷ್ಟು: ಫುಟ್‌ಪಾತಿನ ವ್ಯಾಪಾರಿಗಳು ರಸ್ತೆಯ ಅಂಚಿಗೆ ಬೆನ್ನು ಮಾಡಿ ಅಂಗಡಿಗಳ ಕಡೆಗೆ ಮುಖ ಮಾಡಿ ಕೂರಲಿ. ನಡುವೆ ನಡೆಯುವವರ ದಾರಿ. ಆಗ ಎಡಗಡೆ ಹೂವು, ಬಲಗಡೆ ಅಂಗಡಿ, ನಡೆಯುವವರಿಗೆ ಎರಡೂ ಕಾಣುತ್ತದೆ. ಯಾರ ಬಾಗಿಲೂ ಮುಚ್ಚುವುದಿಲ್ಲ.

ಹಾಗೆ ಕೂರುವ ಹೆಂಗಸರಿಗೆ ಶೌಚಾಲಯ ಬೇಕು. ಬೆಳಿಗ್ಗೆ ಐದಕ್ಕೆ ಮಾರ್ಕೆಟ್ಟಿನಿಂದ ಹೂವು ತಂದು ರಾತ್ರಿ ಒಂಬತ್ತರವರೆಗೆ ಕೂರುವವರು ಅವರು. ನೀರು ಕುಡಿಯೋದನ್ನೇ ಕಡಿಮೆ ಮಾಡಿದ್ದೀನಿ ಅಂತ ಅಜ್ಜಿ ಒಂದು ಸಲ ಹೇಳಿದರು. ಅವತ್ತು ಇಡೀ ದಿನ ನನಗೆ ಸಮಾಧಾನ ಇರಲಿಲ್ಲ. ಕಲ್ಲು, ದೀಪ ಎಲ್ಲಾ ಆಮೇಲೆ ಹಾಕಿ. ಮೊದಲು ಚೊಕ್ಕವಾದ, ಬೀಗ ಹಾಕದ ಶೌಚಾಲಯ.

ಅಂಗಡಿಗಳ ಮುಖದ ಬಗ್ಗೆಯೂ ಹೇಳಬೇಕು. 2024ರಲ್ಲಿ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ ನಿಯಮ ಬಿಗಿಯಾಯಿತು. ನನಗೆ ಖುಷಿಯೇ. ಆದರೆ ಎಲ್ಲರೂ ಅವಸರದಲ್ಲಿ ಒಂದೇ ಥರದ ಫ್ಲೆಕ್ಸ್ ಹಾಕಿದ್ದು ನೋಡಿ ಬೇಸರವಾಯಿತು. ಕೈಯಲ್ಲಿ ಬರೆಯುವ ಬೋರ್ಡಿನವರು ಊರಿನಲ್ಲಿ ಇನ್ನೂ ಇದ್ದಾರೆ. ಅವರು ಬರೆದ ಒತ್ತಕ್ಷರದ ಬಾಗು ನೋಡೋಕೇ ಚಂದ. ಬೋರ್ಡ್ ಬದಲಾಯಿಸುವ ಅಂಗಡಿಯವರು ಅವರಿಗೊಂದು ಕೆಲಸ ಕೊಡಿ. ಹಾಗೇ ರಾತ್ರಿ ಶಟರ್ ಎಳೆದ ಮೇಲೆ ಬಾಗಿಲ ಮೇಲೊಂದು ದೀಪ ಉರಿಯಲಿ, ಟ್ಯೂಷನ್ ಮುಗಿಸಿ ಬರುವ ಹುಡುಗಿಯರಿಗೆ ಬೀದಿ ಕತ್ತಲೆ ಅನ್ನಿಸಬಾರದು.

ನನಗೆ ಹೆದರಿಕೆ ಇರೋದು ಬಾಡಿಗೆಯ ಬಗ್ಗೆ. ಮೂರು ಸಣ್ಣ ಅಂಗಡಿ ಇದ್ದ ಕಡೆ ಒಂದೇ ದೊಡ್ಡ ಷೋರೂಂ ಬಂದರೆ ಗಾಜಿನ ತುಂಬಾ ಸ್ಟಿಕರ್ ಅಂಟಿಸುತ್ತಾರೆ, ಒಳಗೆ ಎಸಿ, ಬಾಗಿಲು ಮುಚ್ಚಿಯೇ ಇರುತ್ತದೆ. ಅದರ ಮುಂದೆ ಯಾರೂ ನಿಲ್ಲುವುದಿಲ್ಲ, ದಾಟಿ ಹೋಗುತ್ತಾರೆ. ಬೀದಿ ಚಂದವಾದಷ್ಟೂ ಬಾಡಿಗೆ ಏರುತ್ತದೆ, ಬೀದಿಯನ್ನು ಚಂದ ಮಾಡಿದವರೇ ಹೊರಗೆ ಹೋಗಬೇಕಾಗುತ್ತದೆ. ಕಟ್ಟಡದ ಮಾಲೀಕರಲ್ಲಿ ಎಷ್ಟೋ ಜನ ಇಲ್ಲೇ ಬಸವನಗುಡಿಯಲ್ಲೇ ಇರುವವರು. ನಾಲ್ಕು ಕಾಸು ಕಡಿಮೆ ಬಂದರೂ ಗ್ರಂಥಿಗೆ ಅಂಗಡಿಯವರನ್ನು ಉಳಿಸಿಕೊಳ್ಳಿ ಅಂತ ಅವರನ್ನು ಕೇಳಿಕೊಳ್ಳುತ್ತೇನೆ. ಗೋರಂಟಿ ಪುಡಿ, ದರ್ಭೆ, ಬಜೆ, ಅಳಲೆಕಾಯಿ ಎಲ್ಲಾ ಒಂದೇ ಕಡೆ ಇಟ್ಟುಕೊಂಡು, ಯಾವುದನ್ನು ಯಾವುದರ ಜೊತೆ ತೇಯಬೇಕು ಅಂತ ಬಾಣಂತಿ ಮನೆಯವರಿಗೆ ಹೇಳಿಕೊಡುವವರು ಹೋದರೆ ಆ ಜಾಗ ತುಂಬೋಕೆ ಯಾರಿದ್ದಾರೆ?

ಬೆಳಿಗ್ಗೆ ಎಂಟೂವರೆಗೆ ಒಂದು ಸಲ ಬನ್ನಿ. ಅಂಗಡಿಯವರು ಶಟರ್ ಎತ್ತಿ, ಗುಡಿಸಿ, ನೀರು ಹಾಕಿ, ಹೊಸ್ತಿಲ ಮುಂದೆ ಪುಟ್ಟ ರಂಗೋಲಿ ಬಿಡುತ್ತಾರೆ. ಯಾರೂ ಹೇಳಿ ಮಾಡಿಸುವುದಲ್ಲ. ಒಂದು ಗಂಟೆ ಬೀದಿಯೆಲ್ಲಾ ಒದ್ದೆ ಮಣ್ಣು, ಊದುಬತ್ತಿ, ಕಾಫಿಯ ವಾಸನೆ.

ಅಕ್ಕನಿಗೆ ಈಗ ಅದೇ ಸೀರೆಗೆ ಬ್ಲೌಸ್ ಪೀಸೂ ಬೇಕಂತೆ. ಮ್ಯಾಚಿಂಗ್ ಸೆಂಟರಿಗೆ ಫೋನ್ ಮಾಡಿ ಸಂಜೆ ಬರಲಾ ಅಂತ ಕೇಳಿದೆ. "ಬೇಡ, ಬೆಳಿಗ್ಗೆನೇ ಬನ್ನಿ" ಅಂದ ಆ ಹುಡುಗ. "ಸಂಜೆ ಹೊರಗೆ ಬೆಳಕಿರಲ್ಲ, ಬಣ್ಣ ಗೊತ್ತಾಗಲ್ಲ."