ಬ್ಯಾಟರಿಯ ತಪ್ಪಲ್ಲ, ವೈರಿನ ತಪ್ಪು

ತುಮಕೂರು, 19 ಜನವರಿ 2025, ಭಾನುವಾರ

ಹಳೆಯ ಕಾರನ್ನು ಸ್ಟಾರ್ಟ್ ಮಾಡಲು ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಕಂಬಗಳ (ಟರ್ಮಿನಲ್‌ಗಳ) ಮೇಲೆ 10.9 ವೋಲ್ಟ್. ಅದೇ ಹೊತ್ತಿಗೆ ಸೆಲ್ಫ್ ಮೋಟರಿನ ಬೋಲ್ಟಿಗೂ ಅದರ ಮೈಗೂ ನಡುವೆ ಅಳೆದರೆ 8.6. ಮಧ್ಯದಲ್ಲಿ ಮಾಯವಾದ 2.3 ವೋಲ್ಟ್ ಎಲ್ಲಿ ಹೋಯಿತು ಎಂದು ಹುಡುಕುವುದರಲ್ಲೇ ಇಡೀ ಭಾನುವಾರ ಕಳೆಯಿತು.

ಕಾರು 1991ರ ಅಂಬಾಸಿಡರ್ ನೋವಾ ಡೀಸೆಲ್, 1489 ಸಿಸಿ. ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರ ಮನೆಯಲ್ಲಿ ಬಹಳ ಕಾಲ ದುಡಿದು, ಆಮೇಲೆ ಕೊಟ್ಟಿಗೆ ಸೇರಿತ್ತು. ನನಗೆ ಮಾರುವಾಗ ಅವರು ಹೇಳಿದ ಮಾತು ಒಂದೇ: "ಎಷ್ಟು ಬ್ಯಾಟರಿ ಹಾಕಿಸಿದರೂ ಬಾಳಿಕೆ ಬರಲಿಲ್ಲ." ಇಲ್ಲಿನ ಅಂಗಡಿಯವರೂ ಕಾರಿನ ಬಳಿ ಬಗ್ಗಿಯೂ ನೋಡದೆ ಹೊಸ ಬ್ಯಾಟರಿಯನ್ನೇ ಸೂಚಿಸಿದರು. ನನಗೆ ಆಗಲೇ ಅನುಮಾನವಿತ್ತು. ರಾತ್ರಿಯೆಲ್ಲ ಬಿಟ್ಟರೂ 12.6 ವೋಲ್ಟ್ ಉಳಿಸಿಕೊಳ್ಳುವ, ಸೆಲ್ಫ್ ಹೊಡೆದಾಗಲೂ 10ರ ಕೆಳಗೆ ಇಳಿಯದ ಬ್ಯಾಟರಿಯನ್ನು ಬೈಯುವುದು ನ್ಯಾಯವಲ್ಲ.

ಹಳೆಯ ಡೀಸೆಲ್ ಕಾರುಗಳ ವೈರಿಂಗ್ ಪೆಟ್ರೋಲ್ ಕಾರುಗಳಿಗಿಂತ ಹೆಚ್ಚು ಹಾಳಾಗಿರುವುದಕ್ಕೆ ಒಂದು ಕಾರಣವಿದೆ ಎಂದು ನಾನು ನಂಬಿದ್ದೇನೆ. ಪೆಟ್ರೋಲ್ ಎಂಜಿನ್ನಿಗೆ ಪ್ರತಿ ಸುತ್ತಿಗೂ ಕಿಡಿ ಬೇಕು. ವೈರ್ ಸಡಿಲವಾದರೆ ನಡುರಸ್ತೆಯಲ್ಲಿ ನಿಂತುಬಿಡುತ್ತದೆ, ಮಾಲೀಕರು ಅಂದೇ ಸರಿಮಾಡಿಸುತ್ತಾರೆ. ಈ ಡೀಸೆಲ್ಲಿಗೆ ಕಿಡಿಯ ಹಂಗಿಲ್ಲ. ಗಾಳಿಯನ್ನು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಒತ್ತಿದಾಗ ಹುಟ್ಟುವ ಕಾವಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಒಮ್ಮೆ ಶುರುವಾದರೆ ಬ್ಯಾಟರಿಯ ತಂತಿ ಕಳಚಿಬಿದ್ದರೂ ಓಡುತ್ತಲೇ ಇರುತ್ತದೆ, ನಿಲ್ಲಿಸಲು ಸ್ಟಾಪ್ ನಾಬ್ ಎಳೆಯಬೇಕು. ಇಳಿಜಾರಿನಲ್ಲಿ ನಿಲ್ಲಿಸಿ ತಳ್ಳಿಸಿಕೊಂಡು ಹೊರಟರೆ ದಿನದ ಕೆಲಸ ನಡೆದೇ ಹೋಗುತ್ತದೆ. ಕಾರು ಅಷ್ಟು ಸಹಿಸಿಕೊಳ್ಳುವುದರಿಂದಲೇ ತಂತಿ ಒಳಗೊಳಗೇ ಕೊಳೆಯುತ್ತದೆ.

ಕ್ಯಾತ್ಸಂದ್ರದಿಂದ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಮಾವ ಎಂಟು ಗಂಟೆಗೇ ಬಂದರು. ಅವರು ಇಲ್ಲಿನ ಎಚ್‌ಎಂಟಿ ಗಡಿಯಾರ ಕಾರ್ಖಾನೆಯಲ್ಲಿ ದುಡಿದವರು. ಕಣ್ಣಿಗೆ ಕಾಣದಷ್ಟು ಸಣ್ಣ ಸ್ಕ್ರೂ ಹಿಡಿದು ಪಳಗಿದ ಕೈ ಈಗಲೂ ನಡುಗುವುದಿಲ್ಲ. ನಾನು ಸೆಲ್ಫ್ ಹೊಡೆಯುವುದು, ಅವರು ಮೀಟರಿನ ಕಡ್ಡಿ ಹಿಡಿಯುವುದು ಎಂದು ಕೆಲಸ ಹಂಚಿಕೊಂಡೆವು.

ಈ ಪರೀಕ್ಷೆಯ ಸೊಗಸು ಇರುವುದೇ ಇಲ್ಲಿ: ಯಾವುದನ್ನೂ ಬಿಚ್ಚಬೇಕಿಲ್ಲ. ಬ್ಯಾಟರಿಯ ಪ್ಲಸ್ ಕಂಬದ ಮೇಲೆ ಒಂದು ಕಡ್ಡಿ, ಸೆಲ್ಫ್ ಮೋಟರಿನ ಬೋಲ್ಟ್ ಮೇಲೆ ಇನ್ನೊಂದು. ಸೆಲ್ಫ್ ಹೊಡೆದಾಗ ಮೀಟರ್ ತೋರಿಸುವಷ್ಟೂ ಆ ದಾರಿಯಲ್ಲಿ ಪೋಲಾದ ವೋಲ್ಟೇಜ್. 0.9 ಬಂತು. ಮೈನಸ್ ಕಂಬಕ್ಕೂ ಮೋಟರಿನ ಮೈಗೂ ಇಟ್ಟಾಗ 1.4. ಲೆಕ್ಕ ಸರಿಹೋಯಿತು. ಬರೀ ಟೆಸ್ಟ್ ಲ್ಯಾಂಪ್ ಹಿಡಿದು "ಕರೆಂಟ್ ಬರುತ್ತಿದೆ" ಎನ್ನುವವರಿಗೆ ಇದು ಎಂದೂ ಸಿಗುವುದಿಲ್ಲ, ಏಕೆಂದರೆ ಒಂದೇ ಒಂದು ಎಳೆ ತಾಮ್ರ ಉಳಿದಿದ್ದರೂ ಆ ಪುಟ್ಟ ಬಲ್ಬ್ ಉರಿಯುತ್ತದೆ. ಡೀಸೆಲ್ ಎಂಜಿನ್ನಿನ ಸೆಲ್ಫ್ ಎಳೆಯುವುದು 200 ಆಂಪಿಯರ್ ಲೆಕ್ಕದಲ್ಲಿ. ಅಷ್ಟು ಕರೆಂಟಿನ ದಾರಿಯಲ್ಲಿ 0.005 ಓಮ್ ತಡೆ ಸೇರಿಕೊಂಡರೆ ಒಂದು ವೋಲ್ಟ್ ಕೈಬಿಟ್ಟಂತೆ. ಅಷ್ಟು ಸಣ್ಣ ತಡೆಯನ್ನು ಸಾಧಾರಣ ಮೀಟರ್ ನೇರವಾಗಿ ಅಳೆಯಲಾರದು, ಹೊರೆ ಹೊತ್ತಾಗಲೇ ಅದು ಬಯಲಾಗುವುದು.

ಹೆಚ್ಚು ನಷ್ಟ ಇದ್ದದ್ದು ಅರ್ತಿಂಗ್ ಕಡೆ, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್ ಕಂಬಕ್ಕೆ ಹಿಂದಿರುಗುವ ದಾರಿಯಲ್ಲಿ, ಹಾಗಾಗಿ ಮೊದಲು ಅದನ್ನೇ ಹಿಡಿದೆವು. ಎಂಜಿನ್ ಕುಳಿತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಆದ್ದರಿಂದ ಬಾಡಿಗೂ ಎಂಜಿನ್ನಿಗೂ ತಾಮ್ರದ ಹೆಣಿಗೆ ಪಟ್ಟಿಯೊಂದೇ ಸಂಬಂಧ. ಮಾವ ಎರಡು ಸಲ ಸೆಲ್ಫ್ ಹೊಡೆಸಿ, ಸ್ಟಾಪ್ ನಾಬಿನ ಕೇಬಲ್ ಮುಟ್ಟಿ ನೋಡಿ ನನ್ನನ್ನು ಕರೆದರು. ಕೇಬಲ್ ಬೆಚ್ಚಗಿತ್ತು! ಪಟ್ಟಿ ಸತ್ತದ್ದರಿಂದ ಕರೆಂಟ್ ಆ ಬಡಪಾಯಿ ಉಕ್ಕಿನ ಕೇಬಲ್ಲನ್ನು ಹಿಡಿದು ಮನೆ ಸೇರುತ್ತಿತ್ತು. ಇನ್ನಷ್ಟು ಕಾಲ ಹೀಗೇ ಬಿಟ್ಟಿದ್ದರೆ ಕೇಬಲ್ ತನ್ನ ಕವಚಕ್ಕೇ ಬೆಸೆದುಕೊಂಡು, ಎಂಜಿನ್ ನಿಲ್ಲಿಸುವ ದಾರಿಯೇ ಮುಚ್ಚಿಹೋಗುತ್ತಿತ್ತು.

ಪಟ್ಟಿ ಬಿಚ್ಚಿದರೆ ಹೊರಗೆ ಎಣ್ಣೆ ಜಿಡ್ಡು, ಒಳಗೆ ಹಸಿರು ಹುಡಿ. ಬಗ್ಗಿಸಿದ ಕಡೆ ಎಳೆಗಳು ಪುಡಿಯಾಗಿ ಅಂಗೈ ಮೇಲೆ ಉದುರಿದವು. ಬೋಲ್ಟ್ ಕೂರುವ ಜಾಗದಲ್ಲಿ ಯಾರೋ ಬಣ್ಣ ಬಳಿದು ಅದರ ಮೇಲೆಯೇ ಬಿಗಿದಿದ್ದರು. ಲೋಹ ಹೊಳೆಯುವ ತನಕ ಉಪ್ಪುಕಾಗದದಿಂದ ಉಜ್ಜಿ, ಹಲ್ಲಿನ ವಾಷರ್ ಇಟ್ಟು ಹೊಸ ಪಟ್ಟಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದೆವು.

ಪ್ಲಸ್ ಕೇಬಲ್ಲಿನ ರಬ್ಬರನ್ನು ಬ್ಲೇಡಿನಿಂದ ಸೀಳಿದಾಗ ತುದಿಯಿಂದ ಒಂದು ಗೇಣು ಒಳಗಿನ ತನಕ ತಾಮ್ರ ಕಪ್ಪಾಗಿತ್ತು. ಬ್ಯಾಟರಿಯ ಆಸಿಡ್ ಆವಿ ಎಳೆಗಳ ನಡುವೆ ಹೀರಿಕೊಂಡು ಹೋಗಿದೆ. ಇಂಥದ್ದಕ್ಕೆ ತುದಿ ಕತ್ತರಿಸಿ ಹೊಸ ಥಿಂಬಲ್ (ಕೇಬಲ್ ತುದಿಗೆ ಕೂರಿಸುವ ಲೋಹದ ಕೊಂಡಿ) ಹಾಕಿದರೆ ಸಾಲದು, ಇಡೀ ಕೇಬಲ್ ಬದಲಾಗಬೇಕು. 35 ಚದರ ಮಿಲಿಮೀಟರಿನ ಕೇಬಲ್ಲನ್ನು ನಿನ್ನೆಯೇ ತಂದಿಟ್ಟಿದ್ದೆ. ಮೊದಲ ಅಂಗಡಿಯಲ್ಲಿ ತೋರಿಸಿದ್ದು ಹಗುರವಾಗಿತ್ತು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಒಳಗೆ ಬಿಳಿ ಕಂಡಿತು: ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಅದನ್ನು ಅಲ್ಲಿಯೇ ಬಿಟ್ಟು ಬಂದೆ. ಸೆಲ್ಫ್ ಕೇಬಲ್ ಕೊಳ್ಳುವವರು ಕೆರೆದು ನೋಡದೆ ದುಡ್ಡು ಕೊಡಬೇಡಿ. ಹೈಡ್ರಾಲಿಕ್ ಒತ್ತುಯಂತ್ರ ಇರುವ ಅಂತರಸನಹಳ್ಳಿಯ ಕೆಲಸಗಾರರೊಬ್ಬರು ಥಿಂಬಲ್ ಒತ್ತಿಕೊಟ್ಟರು. ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಥಿಂಬಲ್ ನನಗೆ ಬೇಡ.

ಇಡ್ಲಿ ತಿಂದು ಹೀಟರ್ ಪ್ಲಗ್‌ಗಳಿಗೆ ಬಂದೆವು. ಸ್ಟಾರ್ಟ್ ಮಾಡುವ ಮೊದಲು ಸಿಲಿಂಡರಿನ ಒಳಗನ್ನು ಕಾಯಿಸುವ ಇವೇ ಜನವರಿಯ ಬೆಳಗಿನ ಚಳಿಗೆ ಆಧಾರ. ನಾಲ್ಕನ್ನೂ ಜೋಡಿಸುವ ಲೋಹದ ಪಟ್ಟಿ ಬಿಚ್ಚಿ ಒಂದೊಂದನ್ನೂ ಪ್ರತ್ಯೇಕವಾಗಿ ಅಳೆದಾಗ ಮೂರು ಒಂದು ಓಮಿನ ಆಸುಪಾಸಿನಲ್ಲಿದ್ದವು, ಎರಡನೆಯ ಸಿಲಿಂಡರಿನದು ಒಳಗೇ ತುಂಡಾಗಿತ್ತು. ಪಟ್ಟಿ ಹಾಗೆಯೇ ಇಟ್ಟು ಅಳೆದರೆ ಇದು ತಿಳಿಯುವುದಿಲ್ಲ, ಉಳಿದ ಮೂರು ಸತ್ತದ್ದನ್ನು ಮರೆಮಾಚುತ್ತವೆ. ನಾಲ್ಕನ್ನೂ ಬದಲಾಯಿಸಿದೆ. ಅದಕ್ಕಿಂತ ಆತಂಕ ತಂದದ್ದು ಅವುಗಳಿಗೆ ಕರೆಂಟ್ ಬರುತ್ತಿದ್ದ ದಾರಿ. ನಾಲ್ಕೂ ಸೇರಿ 40 ಆಂಪಿಯರಿನಷ್ಟು ಎಳೆಯುತ್ತವೆ. ಅಷ್ಟನ್ನೂ ಯಾರೋ ಹಾರ್ನಿಗೆ ಹಾಕುವಂಥ ಸಣ್ಣ ವೈರಿನಲ್ಲಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಮೂಲಕವೇ ಹರಿಸಿದ್ದರು. ಸ್ವಿಚ್ಚಿನ ಬೆನ್ನು ಕರಗಿ ಕಂದುಗಟ್ಟಿತ್ತು. ಈಗ ಬ್ಯಾಟರಿಯಿಂದ ಫ್ಯೂಸ್ ದಾಟಿ ನೇರವಾಗಿ 10 ಚದರ ಮಿಲಿಮೀಟರ್ ವೈರ್, ಮಧ್ಯೆ 70 ಆಂಪಿಯರಿನ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್. ಸ್ವಿಚ್ಚಿನ ಕೆಲಸ ಇನ್ನು ಆ ರಿಲೇಯನ್ನು ಎಬ್ಬಿಸುವುದಷ್ಟೇ.

ಮಧ್ಯಾಹ್ನ ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿದರೆ ತೆಂಗಿನ ನಾರು ಬಂತು. ಇಲಿ ಗೂಡು ಕಟ್ಟಿ, ವೈಪರ್ ವೈರನ್ನು ಕಡಿದು ಹಾಕಿದೆ. ತಿಪಟೂರಿನ ಕಾರಿನಲ್ಲಿ ಇನ್ನೇನು ಸಿಕ್ಕೀತು! ನಾರು ತೆಗೆದ ಮೇಲೆ ಹಳೆಯ ಹಾರ್ನೆಸ್‌ನ, ಅಂದರೆ ವೈರುಗಳ ಕಟ್ಟಿನ, ಬಣ್ಣಗಳು ಕಂಡವು. ಇದು ಬ್ರಿಟಿಷ್ ಕಾರುಗಳ ಪದ್ಧತಿ: ಬ್ಯಾಟರಿಯಿಂದ ಸದಾ ಕರೆಂಟ್ ಇರುವುದು ಕಂದು, ಕೀ ತಿರುಗಿಸಿದಾಗ ಬರುವುದು ಬಿಳಿ, ಫ್ಯೂಸ್ ದಾಟಿದ ಮೇಲೆ ಹಸಿರು, ಹೆಡ್‌ಲೈಟಿಗೆ ನೀಲಿ, ಅರ್ತಿಂಗ್‌ಗೆ ಕಪ್ಪು. ಇದು ಗೊತ್ತಿದ್ದರೆ ನಕ್ಷೆ ಇಲ್ಲದೆಯೂ ಅರ್ಧ ಕಾರನ್ನು ಓದಬಹುದು. ಆದರೆ ನಂತರ ಕೈಯಾಡಿಸಿದವರೆಲ್ಲ ಎಲ್ಲದಕ್ಕೂ ಕೆಂಪು ವೈರನ್ನೇ ಜೋಡಿಸಿದ್ದಾರೆ. ಒಂದು ಫ್ಯೂಸಿನ ಜಾಗದಲ್ಲಂತೂ ದಪ್ಪ ತಾಮ್ರದ ತಂತಿ ಸುತ್ತಿದ್ದರು. ಬೆಂಕಿ ಬೀಳದೆ ಉಳಿದದ್ದು ಪುಣ್ಯ. ಇಂಥ ಕೆಲಸ ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಈ ಕಾರಿನಲ್ಲಿ ಒಂದು ಸಂಸಾರ ಓಡಾಡುತ್ತಿತ್ತು.

"ಅವಸರಕ್ಕೆ ಎಲ್ಲ ಕಿತ್ತು ಹಾಕಬೇಡ. ಒಂದು ಬಿಚ್ಚು, ಚೀಟಿ ಅಂಟಿಸು, ಆಮೇಲೆ ಇನ್ನೊಂದು," ಎಂದರು ಮಾವ.

"ಜೋಡಣೆಗೆಲ್ಲ ಬೆಸುಗೆ ಹಾಕಿಬಿಡೋಣವೇ ಮಾವ?" ಎಂದೆ.

"ಗಡಿಯಾರಕ್ಕಾದರೆ ಸರಿ, ಅಲುಗಾಡುವ ಗಾಡಿಗೆ ಬೇಡ. ಬೆಸುಗೆ ನಿಂತ ಜಾಗದಲ್ಲಿ ತಂತಿ ಬಿರುಸಾಗುತ್ತದೆ, ಅಲ್ಲಿಯೇ ಮುರಿಯುತ್ತದೆ. ಒತ್ತಿ ಕೂರಿಸು, ಸ್ಲೀವ್ ಹಾಕು."

ಅವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆಯಿದೆ. ಟೇಪಿನ ವಿಷಯದಲ್ಲೂ ಅಷ್ಟೇ: ಬಾನೆಟ್ ಕೆಳಗಿನ ಬಿಸಿಗೆ ಕರಿ ಪಿವಿಸಿ ಟೇಪಿನ ಅಂಟು ಕರಗಿ ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಹಾರ್ನೆಸ್‌ಗೆಂದೇ ಬರುವ ಬಟ್ಟೆಯ ಟೇಪನ್ನೇ ಸುತ್ತಿದೆ.

ಹೆಡ್‌ಲೈಟುಗಳಿಗೂ ಎರಡು ರಿಲೇ ಕೂರಿಸಿದ್ದಾಯಿತು, ಡಿಮ್ಮಿಗೊಂದು, ಬ್ರೈಟಿಗೊಂದು. ಬಲ್ಬಿಗೆ ತಲುಪುವ ವೋಲ್ಟೇಜ್ ಹತ್ತರಲ್ಲೊಂದು ಪಾಲು ಇಳಿದರೆ ಬೆಳಕು ಮೂರರಲ್ಲೊಂದು ಪಾಲಿನಷ್ಟು ಕುಗ್ಗುತ್ತದೆ. ಅಂಬಾಸಿಡರಿನ ದೀಪ ಮಂಕು ಎಂದು ದೂರುವವರು ಬಲ್ಬ್ ಬದಲಿಸುವ ಮೊದಲು ಇದನ್ನು ಅಳೆಯಲಿ.

ಸಂಜೆ ಆರಕ್ಕೆ ಮತ್ತೆ ಅದೇ ಪರೀಕ್ಷೆ. ಪ್ಲಸ್ ಕಡೆಯ ನಷ್ಟ 0.2, ಅರ್ತಿಂಗ್ ಕಡೆಯದೂ 0.2. ಹೀಟರ್ ಸ್ವಿಚ್ಚನ್ನು ಇಪ್ಪತ್ತು ಎಣಿಸುವಷ್ಟು ಹೊತ್ತು ಹಿಡಿದು ಸೆಲ್ಫ್ ಹೊಡೆದಾಗ ಎಂಜಿನ್ ಜೋರಾಗಿ ತಿರುಗಿ, ಒಂದೇ ಏಟಿಗೆ ಹಿಡಿದುಕೊಂಡಿತು. ಸ್ವಲ್ಪ ಬಿಳಿ ಹೊಗೆ, ಆಮೇಲೆ ನಾಲ್ಕೂ ಸಿಲಿಂಡರಿನ ಒಂದೇ ಸಮದ ಸದ್ದು. ಆಲ್ಟರ್ನೇಟರ್ 14.1 ವೋಲ್ಟ್ ಕೊಡುತ್ತಿದೆ. ಬ್ಯಾಟರಿ ಅದೇ ಹಳೆಯದು. ತಿಪಟೂರಿಗೆ ಫೋನ್ ಮಾಡಿ ಹೇಳಿದೆ, ಆ ಯಜಮಾನರಿಗೆ ಬಹಳ ಸಂತೋಷವಾಯಿತು.

ಬಾಕಿ ಇರುವುದು ಹಿಂಬದಿ. ಬ್ರೇಕ್ ಲೈಟ್, ಇಂಡಿಕೇಟರ್ ವೈರುಗಳು ಬಾಗಿಲ ಕೆಳಗಿನ ಪಟ್ಟಿಯಲ್ಲಿ ಹಾದು ಡಿಕ್ಕಿಗೆ ಹೋಗುತ್ತವೆ, ಕಾರ್ಪೆಟ್ ಎತ್ತಬೇಕು. ಬಲಗಡೆಯ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಮಿಣುಕುತ್ತದೆ. ಅಲ್ಲಿಯೂ ಅರ್ತಿಂಗ್ ಕಳೆದಿದೆ ಎಂದೇ ಅರ್ಥ. ನೋಂದಣಿ ನವೀಕರಣಕ್ಕೆ ಆರ್‌ಟಿಒ ಕಚೇರಿಗೆ ಕಾರು ತೋರಿಸುವ ಮೊದಲು ಅದು ಮುಗಿಯಬೇಕು. ಮಾವ ಮುಂದಿನ ಭಾನುವಾರ ಬರುವುದಾಗಿ ಹೇಳಿದ್ದಾರೆ. ಅಷ್ಟರೊಳಗೆ ಹಸಿರು ಮತ್ತು ಕಪ್ಪು ವೈರ್ ಹತ್ತತ್ತು ಮೀಟರ್, ತಗಡಿನ ತೂತಿನಲ್ಲಿ ವೈರ್ ಸವೆಯದಂತೆ ಕಾಯುವ ರಬ್ಬರ್ ಗ್ರಾಮೆಟ್‌ಗಳು, ಇಲಿಗೆ ಒಂದು ಬೋನು ತರಬೇಕು.